ಮೀನು ವಾಪಸ್ ಬಂದ ಚಳಿಗಾಲ

"ದಮೆ" ಎಂಬ ಜಪಾನೀ ಮಾತನ್ನು ನಾನು ಮೊದಲು ಕಲಿತದ್ದು ಒಂದು ಹೋಟೆಲಿನ ಹಿಂಬಾಗಿಲಲ್ಲಿ. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ, ಎರಡೂ ಕೈಯಲ್ಲಿ ಹನ್ನೆರಡು ಪೌಂಡಿನ ಟ್ಯೂನಾ ಮೀನಿನ ತುಂಡು. ಹಸಿ ಮೀನು ಬಡಿಸುವ ಆ ಸುಶಿ ಬಾರಿನ ಬಾಣಸಿಗನೂ ಮಾಲೀಕನೂ ಒಬ್ಬನೇ. ಕಾಗದ ಬಿಚ್ಚಿದ, ತುಂಡನ್ನು ಒಮ್ಮೆ ಮಗುಚಿ ನೋಡಿದ, ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ವಾಪಸ್ ಇಟ್ಟ, "ದಮೆ" ಅಂದ, ಬಾಗಿಲು ಹಾಕಿಕೊಂಡ. ಅರ್ಥ ಯಾರೂ ಹೇಳಿಕೊಡಬೇಕಾಗಲಿಲ್ಲ.

ಅದು ೨೦೦೧ರ ಜನವರಿ. ಅಮೆರಿಕದ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಮೀನಿನ ಸಗಟು ವ್ಯಾಪಾರ ಮಾಡುವ ಒಂದು ಗೋದಾಮಿನಲ್ಲಿ ನಾನು ಹೊಸದಾಗಿ ಸೇರಿದ ಡ್ರೈವರ್. ಬೆಳಗಿನ ಜಾವ ಓ'ಹೇರ್ ವಿಮಾನ ನಿಲ್ದಾಣದ ಕಾರ್ಗೋ ಬಾಗಿಲಿಗೆ ಹೋಗಿ, ತಲೆ ಕಡಿದ ಟ್ಯೂನಾ ತುಂಬಿದ ಪೆಟ್ಟಿಗೆಗಳನ್ನು ವ್ಯಾನಿಗೆ ಹಾಕಿಕೊಂಡು, ನಮ್ಮ ತಣ್ಣನೆಯ ಕೋಣೆಗೆ ಮುಟ್ಟಿಸಬೇಕು. ಅಲ್ಲಿ ಕತ್ತರಿಸುವವರು ಮೀನನ್ನು ಉದ್ದಕ್ಕೆ ನಾಲ್ಕು ಭಾಗ ಮಾಡಿ, ಚರ್ಮ ತೆಗೆದು, ಒರೆಸಿ, ನೀರು ಹೀರುವ ಕಾಗದದಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಕೊಡುತ್ತಾರೆ. ಒಂಬತ್ತು ಗಂಟೆಯೊಳಗೆ ಅವು ಹೋಟೆಲುಗಳ ಹಿಂಬಾಗಿಲು ಸೇರಬೇಕು. ನನ್ನ ರೂಟಿನಲ್ಲಿ ದೊಡ್ಡ ಗಿರಾಕಿ ಆರ್ಲಿಂಗ್ಟನ್ ಹೈಟ್ಸಿನ ಈ ಬಾಣಸಿಗನೇ. ಅವನು ಬಿಟ್ಟರೆ ಆ ರೂಟು ನಡೆಸುವುದರಲ್ಲಿ ಅರ್ಥವಿರಲಿಲ್ಲ. ರೂಟು ನಿಂತರೆ ನಾನೂ ನಿಂತಂತೆ. ಹೆಂಡತಿ, ಮಗಳು ಊರಿನಿಂದ ನಾನಿದ್ದ ಸ್ಕೋಕಿಗೆ ಬಂದು ಆಗಷ್ಟೇ ಮೂರು ತಿಂಗಳಾಗಿತ್ತು.

ನಾನು ಭಟ್ಕಳದವನು. ಮನೆಯಲ್ಲಿ ನವಾಯತಿ, ಶಾಲೆಯಲ್ಲಿ ಕನ್ನಡ, ಎರಡು ಹೊತ್ತೂ ಮೀನು. ಏಳು ವರ್ಷದವನಿದ್ದಾಗಲೇ ಅಜ್ಜ ಮಾರ್ಕೆಟಿಗೆ ಕರೆದುಕೊಂಡು ಹೋಗಿ ಕಲಿಸಿದ್ದರು: ಕಿವಿರು ಎತ್ತಿ ನೋಡು, ಕಣ್ಣು ನೋಡು, ಕೊನೆಗೆ ಹೆಬ್ಬೆರಳಿನಿಂದ ಒತ್ತು. ಮಾಂಸ ಪುಟಿದರೆ ಕೊಳ್ಳು, ಗುಳಿ ಉಳಿದರೆ ಮುಂದೆ ನಡಿ. ಮಾರುವ ಹೆಂಗಸರು ಎಷ್ಟು ಬೈದರೂ ಅಜ್ಜ ಒತ್ತದೆ ಒಂದು ಬಂಗಡೆಯನ್ನೂ ಕೊಂಡವರಲ್ಲ. ಅಮೆರಿಕಕ್ಕೆ ಬಂದ ಮೇಲೂ ನನಗೆ ಅದೇ ಅಭ್ಯಾಸ. ಕಾರ್ಗೋ ಬಾಗಿಲಲ್ಲಿ ಒಮ್ಮೆ, ಕತ್ತರಿಸಿದ ಮೇಲೆ ಒಮ್ಮೆ, ಗಿರಾಕಿಯ ಬಾಗಿಲು ತಟ್ಟುವ ಮೊದಲು ವ್ಯಾನಿನಲ್ಲಿ ಕಾಗದ ಸರಿಸಿ ಇನ್ನೊಮ್ಮೆ. ಪ್ರತಿ ಸಲವೂ ಮಾಂಸ ಪುಟಿಯುತ್ತಿತ್ತು. ಹಾಗಾಗಿ ಬಾಣಸಿಗ "ದಮೆ" ಅಂದಾಗ ನನಗೆ ಬಂದದ್ದು ಅನುಮಾನವಲ್ಲ, ಸಿಟ್ಟು. ಇವನೊಬ್ಬ ಮೀನು ಕಂಡವನು, ನಾವೇನು ಮರಳುಗಾಡಿನವರೇ?

ಆ ವಾರ ಒಂದು ತುಂಡು ವಾಪಸ್ ಬಂತು. ಮುಂದಿನ ವಾರ ಎರಡು. ಕಾರಣ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದ. ನಮ್ಮ ಮಾಲೀಕರು ಫೋನ್ ಮಾಡಿದರೆ, "ಮೀನು ಮಾರುವವನಿಗೆ ಗೊತ್ತಿರಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟುಬಿಡುತ್ತಿದ್ದನಂತೆ. ತಪ್ಪನ್ನು ಹೇಳಿ ತೋರಿಸುವುದು ಅವನ ಕಸುಬಿನಲ್ಲಿ ಇರಲಿಲ್ಲ. ನೋಡಿ ತಿಳಿಯದವನಿಗೆ ಹೇಳಿ ಏನು ಪ್ರಯೋಜನ ಎನ್ನುವ ಪೈಕಿ.

ಮಾಲೀಕರು ಬೆಂಗಳೂರಿನ ಶಿವಾಜಿನಗರದವರು. ಇಬ್ಬರಿಗೂ ಉರ್ದು ಬರುತ್ತಿತ್ತು, ಆದರೆ ನನ್ನ ಭಟ್ಕಳದ ಉರ್ದು ಕೇಳಿದರೆ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲಿ. ಮೂರನೆಯ ತುಂಡು ವಾಪಸ್ ಬಂದ ದಿನ ಅವರು ನನ್ನನ್ನು ಕರೆದು, ಎಲ್ಲಿ ತಪ್ಪಾಗುತ್ತಿದೆ ಎಂದು ಕೇಳಿದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಕತ್ತರಿಸುವವರ ಕೈ ಒರಟು ಎಂದೆ.

ಕತ್ತರಿಸುತ್ತಿದ್ದವರು ಒಬ್ಬರೇ, ಹುಬ್ಬಳ್ಳಿ ಕಡೆಯವರು, ಐವತ್ತು ದಾಟಿದವರು. ನಾನು ಅಣ್ಣ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಬೇರೆ ಏನೋ ಎನ್ನುತ್ತಿದ್ದೆ. ಡೆಟ್ರಾಯ್ಟ್ ಕಡೆ ಜಪಾನಿನ ಕಾರು ಕಂಪನಿಯವರು ಊಟಕ್ಕೆ ಬರುವ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾ ಸೇರಿ, ಹತ್ತು ವರ್ಷದಲ್ಲಿ ಚಾಕು ಹಿಡಿಯುವ ತನಕ ಬಂದವರು. ಮೊಳದುದ್ದದ ಒಂದು ಜಪಾನೀ ಚಾಕು ಇತ್ತು, ಅವರದೇ ಸ್ವಂತದ್ದು. ಕೆಲಸ ಮುಗಿದ ಮೇಲೆ ಒದ್ದೆ ಕಲ್ಲಿನ ಮೇಲೆ ಅದನ್ನು ಒಂದೇ ಬದಿಗೆ ಅರ್ಧ ಗಂಟೆ ಮಸೆಯುವರು. ಇನ್ನೊಂದು ಬದಿಯನ್ನು ಕಲ್ಲಿಗೆ ಸುಮ್ಮನೆ ತಾಗಿಸಿ ತೆಗೆಯುವರು. ನಮ್ಮೂರಿನಲ್ಲಿ ಎರಡೂ ಬದಿ ಮಸೆಯದ ಚಾಕನ್ನು ಚಾಕು ಎನ್ನುವುದಿಲ್ಲ. ಇದು ಸೋಮಾರಿತನ ಎಂದು ನಾನು ನನ್ನೊಳಗೇ ತೀರ್ಪು ಕೊಟ್ಟಿದ್ದೆ.

ನಾನು ಸೇರಿದ ಮೊದಲ ದಿನವೇ, ಚರ್ಮ ತೆಗೆದ ತುಂಡಿನ ಮೇಲೆ ಹೆಬ್ಬೆರಳು ಇಟ್ಟದ್ದನ್ನು ನೋಡಿ ಅವರು ಹೇಳಿದ್ದರು: "ಮುಟ್ಟಬ್ಯಾಡೋ ತಮ್ಮಾ. ಕಣ್ಣಿಲೆ ನೋಡು, ಬೆರಳಿಲೆ ನೋಡಬ್ಯಾಡ."

ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದ ಊರಿನವರು ಭಟ್ಕಳದವನಿಗೆ ಮೀನಿನ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಅಂದಿನಿಂದ ಅವರು ನೋಡದಾಗ ಒತ್ತುತ್ತಿದ್ದೆ. ಸಿಟ್ಟು ಮಾತ್ರ ಹಾಗೇ ಉಳಿದಿತ್ತು. ಮಾಲೀಕರು ಕೇಳಿದ ದಿನ ಅದು ಕೆಲಸಕ್ಕೆ ಬಂತು. ಬಯಲುಸೀಮೆಯವರಿಗೆ ಮೀನಿನ ಮೈ ಹೇಗೆ ಗೊತ್ತಿರಬೇಕು ಅಂಕಲ್, ಅವರು ಮರ ಕೊಯ್ದ ಹಾಗೆ ಕೊಯ್ಯುತ್ತಾರೆ ಎಂದೆ.

ಮಾಲೀಕರು ತಣ್ಣನೆಯ ಕೋಣೆಗೆ ಹೋದರು. ಬಾಗಿಲಿನಾಚೆ ದನಿಗಳು ಏರಿದ್ದು ಕೇಳಿಸಿತು. ಹತ್ತು ನಿಮಿಷದಲ್ಲಿ ಅಣ್ಣ ಏಪ್ರನ್ ಬಿಚ್ಚಿ ಮೇಜಿನ ಮೇಲೆಸೆದು, ನನ್ನ ಮುಖ ನೋಡದೆ ಹೊರಗೆ ನಡೆದರು. ಸಿಟ್ಟಿನಲ್ಲಿ ಚಾಕನ್ನೂ ಮರೆತಿದ್ದರು. ಎರಡು ದಿನ ಬಿಟ್ಟು, ಡೆಟ್ರಾಯ್ಟ್ ಬಳಿ ರಾಚೆಸ್ಟರ್ ಹಿಲ್ಸಿನಲ್ಲಿದ್ದ ತಂಗಿಯ ಮನೆಗೆ ಹೋದರಂತೆ ಎಂದು ಸುದ್ದಿ ಬಂತು. ನನಗೆ ಆಗ ಸಮಾಧಾನವೇ ಆಯಿತು ಎಂದು ಇಲ್ಲಿ ಬರೆಯಲೇಬೇಕು.

ಮಾಲೀಕರೇ ಗೋದಾಮಿನ ಇನ್ನೊಂದು ಚಾಕು ಹಿಡಿದರು. ನಾಲ್ಕನೆಯ ತುಂಡೂ ವಾಪಸ್ ಬಂತು.

ಆ ದಿನ ಮಾಲೀಕರು ಬೈಯಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ನೋಡು, ಹಿಂದಿನ ಬಾಗಿಲಿಗೆ ಬಂದವನ ಹತ್ರ ಅವನು ಮಾತಾಡಲ್ಲ. ಮುಂದಿನ ಬಾಗಿಲಿಂದ ಬಂದ ಕಸ್ಟಮರ್ ಹತ್ರ ಆಡ್ಲೇಬೇಕು. ಹೋಗಿ ಅವನ ಕೌಂಟರಲ್ಲಿ ಕೂತ್ಕೊ. ಜಪಾನೀಸಲ್ಲೇ ಆರ್ಡರ್ ಮಾಡು. ಏನ್ ತಪ್ಪು ಅಂತ ತಿಳ್ಕೊಂಡ್ ಬಾ. ಈ ತಿಂಗಳೊಳಗೆ ಆಗ್ಲಿಲ್ಲ ಅಂದ್ರೆ ರೂಟ್ ಕ್ಲೋಸ್ ಮಾಡ್ತೀನಿ."

ಸ್ಕೋಕಿಯ ಲೈಬ್ರರಿಯಿಂದ ಪ್ರವಾಸಿಗರಿಗಾಗಿ ಮಾಡಿದ ಒಂದು ಜಪಾನೀ ಕ್ಯಾಸೆಟ್ ತಂದೆ. ಹತ್ತು ದಿನ ವ್ಯಾನಿನಲ್ಲಿ ಅದೇ. ಒಬ್ಬಳು ಹೆಂಗಸು ನಿಧಾನವಾಗಿ ಹೇಳುವಳು, ನಾನು ಟ್ರಾಫಿಕ್ಕಿನಲ್ಲಿ ನಿಂತು ಒದರುವೆ. ಹಿತೋರಿ ದೆಸು, ಒಬ್ಬನೇ ಇದ್ದೇನೆ. ಒಚಾ ಕುದಾಸಾಯ್, ಚಹಾ ಕೊಡಿ. ಮಗುರೊ ಕುದಾಸಾಯ್, ಟ್ಯೂನಾ ಕೊಡಿ. ದೋಶಿತೆ, ಯಾಕೆ? ಈ ಕೊನೆಯದಕ್ಕಾಗಿಯೇ ನಾನು ಹೊರಟಿದ್ದೆ. ಹಸಿ ಮೀನು ಮಾರುತ್ತಿದ್ದೆನೇ ಹೊರತು ಒಂದು ದಿನವೂ ತಿಂದವನಲ್ಲ. ನಮ್ಮ ಕಡೆ ಹಸಿ ಮೀನು ತಿನ್ನುವುದು ಬೆಕ್ಕು. ಹೆಂಡತಿಗೆ ವಿಷಯ ಹೇಳಿದಾಗ ಅವಳು ಮೂಗು ಮುಚ್ಚಿಕೊಂಡು, ಬಂದ ಮೇಲೆ ಬಾಯಿ ತೊಳೆದುಕೊಂಡೇ ಮಗಳನ್ನು ಎತ್ತಿಕೊಳ್ಳಿ ಎಂದಳು.

ಒಂದು ಮಂಗಳವಾರ ಮಧ್ಯಾಹ್ನ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂಬಾಗಿಲಿನಿಂದ ಹೋದೆ. ಬಡಿಸುವ ಹೆಂಗಸು ನನ್ನನ್ನು ಮೂಲೆಯ ಟೇಬಲಿಗೆ ಕರೆದೊಯ್ಯಲು ನೋಡಿದಳು. "ಹಿತೋರಿ ದೆಸು" ಎಂದು ಕೌಂಟರಿನತ್ತ ಕೈ ತೋರಿಸಿ, ಅಲ್ಲೇ ಹೋಗಿ ಕುಳಿತೆ. ಮೀನು ಜೋಡಿಸಿಟ್ಟ ಗಾಜಿನ ಪೆಟ್ಟಿಗೆಯ ಆಚೆ ಬಾಣಸಿಗ ತಲೆಯೆತ್ತಿದ. ನನ್ನ ಗುರುತು ಸಿಕ್ಕಿತು. ಎಲ್ಲ ಗಿರಾಕಿಗಳಿಗೂ ಕೂಗಿ ಹೇಳುವ ಸ್ವಾಗತದ ಮಾತು ನನ್ನ ಪಾಲಿಗೆ ಬರಲಿಲ್ಲ. ಪಕ್ಕದಲ್ಲಿ ಕೂತ ಇಬ್ಬರಿಗೆ ಬಂದ, ಕೈ ಒರೆಸಿಕೊಳ್ಳುವ ಬಿಸಿ ಬಟ್ಟೆಯೂ ಬರಲಿಲ್ಲ.

ಒಚಾ ಕುದಾಸಾಯ್ ಎಂದು ಅವನಿಗೇ ಹೇಳಿದೆ. ಅವನು ಚಾಕಿನ ತುದಿಯಿಂದ ಬಡಿಸುವವಳನ್ನು ತೋರಿಸಿದ. ಚಹಾ ಕೇಳಬೇಕಾದ್ದು ಅವಳನ್ನು, ಮೀನು ಕೇಳಬೇಕಾದ್ದು ಅವನನ್ನು. ಇದನ್ನು ಕ್ಯಾಸೆಟ್ಟಿನ ಹೆಂಗಸು ಹೇಳಿರಲಿಲ್ಲ. ಆಮೇಲೆ ಅನ್ನ ತೋರಿಸಿ "ಒಸಾಕೆ?" ಎಂದೆ. ಅದರಲ್ಲಿ ಮದ್ಯ ಸೇರಿಸುತ್ತಾರೋ ಎಂದು ಕೇಳುವುದು ನನ್ನ ಧರ್ಮ, ತಪ್ಪೇನಿಲ್ಲ. ಅವನಿಗೆ ಅದು ಅವನ ಅನ್ನದ ಮೇಲೆ ಹೊರಿಸಿದ ಅಪವಾದದಂತೆ ಕೇಳಿಸಿತೇನೋ. "ವಿನೆಗರ್" ಎಂದು ಹಲ್ಲು ಕಚ್ಚಿ ಹೇಳಿ ಬೆನ್ನು ತಿರುಗಿಸಿದ. ಹಾಗಾದರೆ ಅನ್ನವೇ ಬೇಡ, ಬರೀ ಮೀನು ಸಾಕು ಎಂದು, ಕಲಿತ ಪಾಠ ಒಪ್ಪಿಸಿದೆ: ಮಗುರೊ ಕುದಾಸಾಯ್.

ಅವನು ಇಂಗ್ಲಿಷಿನಲ್ಲಿ, ಪಕ್ಕದ ಇಬ್ಬರಿಗೂ ಕೇಳುವಂತೆ, ಇವತ್ತು ಮಗುರೊ ಇಲ್ಲ, ಬೆಳಿಗ್ಗೆ ಬಂದದ್ದು ತಿನ್ನುವ ಹಾಗಿರಲಿಲ್ಲ ಎಂದ. ಬೆಳಿಗ್ಗೆ ತಂದವನು ನಾನೇ. ನನ್ನ ಮುಂದೆ ಬಂದದ್ದು ತಟ್ಟೆಯಲ್ಲಿ ಒಂದು ತುಂಡು ಸಿಹಿ ಆಮ್ಲೆಟ್, ಮಕ್ಕಳಿಗೆ ಕೊಡುವಂಥದ್ದು. ಬದಿಯಲ್ಲಿದ್ದ ಹಸಿರು ಮುದ್ದೆಯನ್ನು ಚಟ್ನಿ ಕಲಸಿದಂತೆ ಸೋಯಾ ರಸದಲ್ಲಿ ಪೂರ್ತಿ ಕಲಸಿದೆ. ಬಾಯಿಗಿಟ್ಟ ಕೂಡಲೇ ಮೂಗು, ಕಣ್ಣು, ಕಿವಿ ಎಲ್ಲದರಲ್ಲೂ ಬೆಂಕಿ. ಪಕ್ಕದವರು ನಕ್ಕರು. ಬಾಣಸಿಗ ನಗಲೂ ಇಲ್ಲ, ಬಟ್ಟಲನ್ನು ತೆಗೆದುಕೊಂಡು ಹೋಗಿ ಚೆಲ್ಲಿಬಿಟ್ಟ. ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ ನಾನು "ದೋಶಿತೆ?" ಅಂದೆ. ಕೌಂಟರ್ ಇರುವುದು ತಿನ್ನಲಿಕ್ಕೆ, ಕೇಳಲಿಕ್ಕಲ್ಲ ಎಂದ. ಏಳುವಾಗ ಊಟಕ್ಕೆ ಕೃತಜ್ಞತೆ ಹೇಳುವ "ಗೊಚಿಸೋಸಾಮಾ" ಎಂಬ ಮಾತನ್ನೂ ಹೇಳಿದೆ, ಹೊಡೆಯುವ ದನಿಯಲ್ಲಿ. ಅವನೂ ಹಾಗೇ ತಲೆ ತಗ್ಗಿಸಿದ.

ಮುಂದಿನ ಗುರುವಾರ ಬೆಳಿಗ್ಗೆ ತುಂಡು ತೆಗೆದುಕೊಂಡು ಹೋದೆ. ಅಂದು ಮಾಮೂಲಿಗಿಂತ ಹೆಚ್ಚು ಎಚ್ಚರ ವಹಿಸಿದ್ದೆ. ಎಂದರೆ, ಐದು ಕಡೆ ಒತ್ತಿ ನೋಡಿದ್ದೆ. ಬಾಣಸಿಗ ಕಾಗದ ಬಿಚ್ಚಿ ನೋಡಿದ, ಮಗುಚಿದ, ಈ ಸಲ ಒಳಗೆ ತೆಗೆದುಕೊಂಡು ಹೋದ. ಬಾಗಿಲು ಮುಚ್ಚಿತು. ನಾನು ವ್ಯಾನಿನಲ್ಲಿ ಸ್ಟಿಯರಿಂಗ್ ಗುದ್ದಿ ಕೂಗಿದೆ. ಮಾಲೀಕರಿಗೆ ಫೋನ್ ಮಾಡಿ, ತಗೊಂಡ ಅಂಕಲ್, ನಾನು ಹೇಳಿರಲಿಲ್ವಾ, ಅಣ್ಣನ ಕೈಯದ್ದೇ ತಪ್ಪು ಎಂದೆ. ಒಂದು ಗಂಟೆಗೆ ಸರಿಯಾಗಿ ಗೆದ್ದವನ ಠೀವಿಯಲ್ಲಿ ಮುಂಬಾಗಿಲಿನಿಂದ ಒಳಗೆ ಹೋದೆ.

ಈ ಸಲ ಬಿಸಿ ಬಟ್ಟೆ ಬಂತು. ಚಹಾವನ್ನು ಕೇಳಬೇಕಾದವಳನ್ನೇ ಕೇಳಿದೆ. ಮಗುರೊ ಕುದಾಸಾಯ್ ಅಂದೆ. ಬಾಣಸಿಗ ಗಾಜಿನ ಪೆಟ್ಟಿಗೆಯಿಂದಲ್ಲ, ಕೆಳಗಿನ ಫ್ರಿಜ್ಜಿನಿಂದ ನಾನು ತಂದ ತುಂಡನ್ನೇ ತೆಗೆದ. ಒರೆಸಿದ. ಒಂದು ತುದಿಯಿಂದ ಐದು ಕಡೆ ಕತ್ತರಿಸಿ, ಐದು ಹೋಳುಗಳನ್ನು ಬಿಳಿ ತಟ್ಟೆಯಲ್ಲಿ ಸಾಲಾಗಿ ಇಟ್ಟು ನನ್ನ ಮುಂದೆ ಸರಿಸಿದ. ಪ್ರತಿಯೊಂದು ಹೋಳಿನ ಮೇಲಂಚಿನಲ್ಲೂ ಒಂದು ಕಂದು ಕಲೆ. ಕಲೆ ಇದ್ದಲ್ಲಿ ಮಾಂಸದ ಪದರಗಳು ಬಿಟ್ಟುಕೊಂಡು ಒಳಗೆ ಕುಸಿದಿದ್ದವು. ಐದೂ ಒಂದೇ ಅಳತೆಯವು.

"ತಿನ್ನು" ಎಂದ.

ತಿಂದೆ. ಕಳಿತ ಬಾಳೆಹಣ್ಣಿನ ಹಾಗೆ ನಾಲಿಗೆಗೆ ಮೆತ್ತಿಕೊಂಡಿತು. ಆಮೇಲೆ ಅವನು ಬೇರೆ ಯಾರೋ ತಂದ ಮೀನಿನಿಂದ ಒಂದೇ ಒಂದು ಹೋಳು ಕತ್ತರಿಸಿಟ್ಟ. ಅದು ತಣ್ಣಗೆ, ಗಟ್ಟಿಯಾಗಿ, ಹಲ್ಲಿಗೆ ಸಿಕ್ಕ ಮೇಲೆ ಕರಗಿತು. ಹಸಿ ಮೀನಿನ ರುಚಿ ನನಗೆ ತಿಳಿದದ್ದು ಆಗಲೇ, ಅದೂ ಇಂಥ ಗಳಿಗೆಯಲ್ಲಿ.

ತಟ್ಟೆಯಲ್ಲಿ ಉಳಿದಿದ್ದ ಒಂದು ಹೋಳಿನ ಕಲೆಯ ಮೇಲೆ ನನ್ನ ಹೆಬ್ಬೆರಳನ್ನು ತಂದು ಹಿಡಿದೆ. ತಾಗಿಸಲಿಲ್ಲ. ಅಳತೆ ಸರಿಯಾಗಿತ್ತು. ಅಜ್ಜನ ಮೀನಿಗೆ ಚರ್ಮವಿತ್ತು, ಕೊಂಡು ಹೋಗಿ ಸಾರಿಗೆ ಹಾಕುತ್ತಿದ್ದರು. ಇದಕ್ಕೆ ಚರ್ಮವೂ ಇಲ್ಲ, ಒಲೆಯೂ ಇಲ್ಲ. ಬಿಸಿ ಹೆಬ್ಬೆರಳು ಕೂತಲ್ಲಿ ನಾಲ್ಕು ತಾಸಿನೊಳಗೆ ಕೊಳೆಯಲು ಶುರುವಾಗುತ್ತದೆ. ಒತ್ತಿದ ಕೂಡಲೇ ಪುಟಿಯುವುದನ್ನಷ್ಟೇ ನೋಡಿ ನಾನು ಬಾಗಿಲು ತಟ್ಟುತ್ತಿದ್ದೆ.

ಬಾಣಸಿಗ ತನಗಿದ್ದಷ್ಟು ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಹೇಳಿದ. "ಮೊದಲು ಚಾಕು ಚೆನ್ನಾಗಿತ್ತು, ಬೆರಳು ಕೆಟ್ಟದ್ದು. ಈಗ ಚಾಕೂ ಕೆಟ್ಟದ್ದು, ಬೆರಳೂ ಕೆಟ್ಟದ್ದು. ಚಾಕಿನವನು ಎಲ್ಲಿ?"

ನನಗೆ ಬರುತ್ತಿದ್ದ ಜಪಾನೀ ಮಾತುಗಳೆಲ್ಲ ತಿನ್ನಲು ಕುಡಿಯಲು ಬೇಕಾದವು. ಅವನು ಕಾಯಲೂ ಇಲ್ಲ. ತಟ್ಟೆಯಲ್ಲಿ ಉಳಿದ ಹೋಳುಗಳನ್ನೂ ಮಿಕ್ಕ ತುಂಡನ್ನೂ ಕಾಗದದಲ್ಲಿಟ್ಟು ಅದೇ ಮಡಿಕೆಯಲ್ಲಿ ಮಡಚಿ ಗಾಜಿನ ಪೆಟ್ಟಿಗೆಯ ಮೇಲಿಟ್ಟು, ಬೇರೆ ಗಿರಾಕಿಯತ್ತ ಹೋದ. ನಾನು ಅದನ್ನು ಎತ್ತಿಕೊಂಡು ಮುಂಬಾಗಿಲಿನಿಂದಲೇ ಹೊರಬಂದೆ.

ಗೋದಾಮಿಗೆ ಹೋಗದೆ ವ್ಯಾನಿನಲ್ಲಿ ಬಹಳ ಹೊತ್ತು ಕೂತೆ. ನಾಳೆಯಿಂದ ಒತ್ತದಿದ್ದರೆ ಮುಗಿಯಿತು. ಮಾಲೀಕರ ಚಾಕು ಇನ್ನೊಂದು ವಾರದಲ್ಲಿ ಪಳಗುತ್ತದೆ, ಬಾಣಸಿಗ ಯಾರಿಗೂ ಏನೂ ಹೇಳುವವನಲ್ಲ, ರೂಟು ಉಳಿಯುತ್ತದೆ. ಹುಬ್ಬಳ್ಳಿಯವರ ಕೈಯೇ ಒರಟು ಎಂಬ ಮಾತು ಗೋದಾಮಿನಲ್ಲಿ ಹಾಗೇ ನಿಂತುಬಿಡುತ್ತದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವನ ತಟ್ಟೆಯ ನೊಣ ಹುಡುಕಿದವನು ಎಂದು ಜನ ಯಾರನ್ನೋ ಆಡಿಕೊಳ್ಳುವುದನ್ನು ಕೇಳಿ ನಾನೂ ನಕ್ಕವನು. ಇಲ್ಲಿ ನೊಣವೂ ಇರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಅದಕ್ಕಿಂತ ಹೆಚ್ಚಾಗಿ ಅವರು ಮೊದಲ ದಿನವೇ ಸರಿ ಹೇಳಿದ್ದರಲ್ಲ ಎಂದು ಅವರ ಮೇಲೆಯೇ ಮತ್ತೆ ಸಿಟ್ಟು ಬಂತು. ಆ ಸಿಟ್ಟು ಬಂದಾಗಲೇ, ಹೇಳದೆ ಇದ್ದರೆ ನಾನು ಎಂಥವನಾಗುತ್ತೇನೆ ಎನ್ನುವುದು ಕಾಣಿಸಿತು.

ಮಾಲೀಕರ ಮೇಜಿನ ಮೇಲೆ ತುಂಡನ್ನಿಟ್ಟು ಕಾಗದ ಬಿಚ್ಚಿದೆ. "ಅಂಕಲ್, ಈ ಹೆಬ್ಬೆರಳು ನಂದು. ಮೊದಲಿಂದ್ಲೂ ನಂದೇ" ಎಂದೆ.

ಅವರು ಕಲೆಗಳನ್ನು ನೋಡಿದರು, ನನ್ನ ಕೈ ನೋಡಿದರು. "ನಿನ್ನ ಮಾತು ಕೇಳಿ ನಾನ್ ಅವರನ್ನ ಕಳಿಸ್ದೆ" ಎಂದರು. ಆಮೇಲೆ ಅವರ ದನಿ ಏರಿತು, ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕೊನೆಗೆ ಹೇಳಿದ್ದು ಇಷ್ಟು: ನಾನೇ ಹೋಗಿ ಅವರನ್ನು ಕರೆತರಬೇಕು. ಅವರು ಬಂದರೆ, ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎನ್ನುವುದನ್ನು ಅವರೇ ಹೇಳಲಿ.

ಭಾನುವಾರ ಹೊರಡುವುದೆಂದಾಯಿತು. ಶನಿವಾರ ಅವರ ಚಾಕನ್ನು ಕಪಾಟಿನಿಂದ ತೆಗೆದೆ. ಅವರು ಹೋದ ಮೇಲೆ ಯಾರೂ ಅದನ್ನು ಹಿಡಿದಿರಲಿಲ್ಲ, ಅಲಗಿನ ಮೇಲೆ ಸಣ್ಣಗೆ ತುಕ್ಕಿನ ಚುಕ್ಕೆಗಳಿದ್ದವು. ಬರಿಗೈಯಲ್ಲಿ ಹೋಗುವುದು ಬೇಡ, ಹೀಗೇ ಕೊಡುವುದೂ ಮರ್ಯಾದೆಯಲ್ಲ ಅನಿಸಿತು. ಅವರ ಕಲ್ಲನ್ನೇ ನೆನೆಸಿ, ಎರಡು ತಾಸು ಕೂತು, ಎರಡೂ ಬದಿಗೆ ಒಂದೇ ಸಮ ಮಸೆದೆ. ಕಾಗದವನ್ನು ಗಾಳಿಯಲ್ಲಿ ಹಿಡಿದರೆ ಸೀಳುತ್ತಿತ್ತು. ಆ ವಾರದಲ್ಲಿ ನಾನು ಮಾಡಿದ ಒಂದು ಒಳ್ಳೆಯ ಕೆಲಸ ಇದೇ ಎಂದುಕೊಂಡೆ. ಹೆಂಡತಿಯ ಹಳೆಯ ಓಢಣಿಯ ಬಟ್ಟೆಯಲ್ಲಿ ಸುತ್ತಿ ಕಾರಿನಲ್ಲಿಟ್ಟೆ.

ಮುನ್ನೂರು ಮೈಲಿ, ದಾರಿಯುದ್ದಕ್ಕೂ ಹಿಮ. ರಾಚೆಸ್ಟರ್ ಹಿಲ್ಸಿನ ಆ ಸಬ್‌ಡಿವಿಷನ್ನಿನಲ್ಲಿ ಎಲ್ಲ ಮನೆಗಳೂ ಒಂದೇ ತರ, ಮೂರು ಸುತ್ತು ಹಾಕಿದ ಮೇಲೆ ನಂಬರ್ ಸಿಕ್ಕಿತು. ಬಾಗಿಲು ತೆಗೆದ ತಂಗಿಯ ಮಗಳಿಗೆ ಕನ್ನಡದಲ್ಲಿ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಒಳಗೆ ಕೂಗಿ ಓಡಿಹೋದಳು. ಅಣ್ಣ ಬಂದರು. ಒಳಗೆ ಬಾ ಎನ್ನಲಿಲ್ಲ. ಮೆಟ್ಟಿಲ ಮೇಲೇ ನಿಂತು ಎಲ್ಲ ಹೇಳಿದೆ, ಒತ್ತಿದ್ದು, ಅವರ ಮೇಲೆ ಹಾಕಿದ್ದು, ಬಾಣಸಿಗ ಕೇಳಿದ್ದು. ಮೊದಲು ಚಾಕು ಚೆನ್ನಾಗಿತ್ತು ಎಂದು ಅವನು ಅಂದದ್ದನ್ನು ಎರಡು ಸಲ ಹೇಳಿದೆ. ಮಾಲೀಕರು ಕರೆಯುತ್ತಿದ್ದಾರೆ, ನಾನು ಬೇಡವೆಂದರೆ ಹೋಗುತ್ತೇನೆ, ನೀವು ಬನ್ನಿ ಎಂದೆ.

ಅವರ ಮುಖ ಸ್ವಲ್ಪ ಸಡಿಲವಾಯಿತು. ಅಥವಾ ಹಾಗೆ ನನಗೆ ಬೇಕಾಗಿತ್ತು. "ಅಂವ ಹಂಗಂದನೇನು" ಎಂದು ಕೇಳಿದರು. ಹೌದು ಎಂದು, ಬಟ್ಟೆಯಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದೆ.

ಅವರು ಬಟ್ಟೆ ಬಿಚ್ಚಿದರು. ಚಾಕನ್ನು ಬೆಳಕಿಗೆ ಹಿಡಿದು ಒಂದು ಬದಿ ನೋಡಿದರು. ಮಗುಚಿ ಇನ್ನೊಂದು ಬದಿ ನೋಡಿದರು, ವರ್ಷಗಟ್ಟಲೆ ಅವರು ಕಲ್ಲಿಗೆ ಬರೀ ತಾಗಿಸಿ ತೆಗೆದು, ಚಾಕು ನೇರಕ್ಕೆ ಕೊಯ್ಯಲೆಂದು ಸಪಾಟಾಗಿಯೇ ಉಳಿಸಿಕೊಂಡಿದ್ದ ಬದಿ. ಅಲ್ಲಿ ನಾನು ಮಸೆದ ಹೊಸ ಅಂಚು ಉದ್ದಕ್ಕೂ ಫಳಫಳ ಹೊಳೆಯುತ್ತಿತ್ತು. ಉಗುರಿನಿಂದ ಅದನ್ನು ತುದಿಯ ತನಕ ಸವರಿದರು.

"ಇದನ್ನೂ ಮುಟ್ಟಿದಿ?" ಎಂದರು.

ಚಾಕನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ವಾಪಸ್ ಇಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.